ಅವ್ವನ ಹೆಸರು ಹೊತ್ತ ಶಾರ್ಕ್ ಹೇನು

ಶಾರ್ಕಿನ ಕಿವಿರಿನಲ್ಲಿ, ರೆಕ್ಕೆಯ ಬುಡದಲ್ಲಿ ಕಚ್ಚಿಕೊಂಡು ಬದುಕುವ ಹೇನಿನಂಥ ಜೀವಿಗಳನ್ನು ಗುರುತಿಸಿ ಹೆಸರಿಡುವುದು ನನ್ನ ಕೆಲಸವಾಗಿತ್ತು ಎಂದರೆ ಜನ ಮೊದಲು ನಗುತ್ತಾರೆ. ಆಮೇಲೆ, "ಅದಕ್ಕೂ ಸಂಬಳ ಕೊಡ್ತಾರಾ?" ಎನ್ನುತ್ತಾರೆ. ಕೊಡುವುದಿಲ್ಲ ಮಹರಾಯರೇ. ಸಂಬಳ ಬರುತ್ತಿದ್ದದ್ದು ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಹುಡುಗಿಯರಿಗೆ ಜಿರಳೆ ಕೊಯ್ಯುವುದನ್ನು ಕಲಿಸಿದ್ದಕ್ಕೆ. ಹೇನಿನದು ನಾನಾಗಿ ತಲೆಯ ಮೇಲೆ ಹಾಕಿಕೊಂಡ ಕೆಲಸ. ಅವನ್ನು ನಮ್ಮ ಪ್ರಾಣಿಶಾಸ್ತ್ರದವರು ಕೋಪೆಪಾಡ್ ಎನ್ನುತ್ತಾರೆ. ಸಿಗಡಿಯ ದೂರದ ನೆಂಟರು. ಕೆಲವು ಅಕ್ಕಿಕಾಳಿನಷ್ಟು, ಕೆಲವು ಒಂದು ತುಂಡು ಕೂದಲಿನಷ್ಟು.

ಮಂಗಳೂರಿನಲ್ಲಿ ಇದೇ ವಿಷಯ ಹಿಡಿದಿರುವ ನಂದಿನಿ ಎಂಬ ಹುಡುಗಿ, "ಮೇಡಂ, ಈ ಕೆಲಸ ನಿಜಕ್ಕೂ ಹೇಗಿತ್ತು ಅಂತ ಬರೀರಿ, ನಮಗೆ ಉಪಯೋಗವಾಗುತ್ತೆ" ಎಂದಳು. ಉಪಯೋಗವಾಗುತ್ತದೆಂದು ನನಗೇನೂ ನಂಬಿಕೆಯಿಲ್ಲ. ಕೇಳಿದಳಲ್ಲ ಎಂದು ಬರೆಯುತ್ತಿದ್ದೇನೆ. ಮನೆಯಲ್ಲಿ ಕನ್ನಡವಾಡಿ ಬೀದಿಯಲ್ಲಿ ತಮಿಳಾಡಿ ಬೆಳೆದವಳು ನಾನು. ಕನ್ನಡ ಅಕ್ಷರ ಕಲಿತದ್ದು ಮೈಸೂರಿಗೆ ಎಂಎಸ್ಸಿ ಓದಲು ಹೋದಾಗ. ಇದನ್ನು ನಮ್ಮ ನೆಂಟರಿಷ್ಟರಲ್ಲಿ ಒಬ್ಬರೂ ಓದಲಾರರು. ಒಳ್ಳೆಯದೇ ಆಯಿತು, ಧೈರ್ಯವಾಗಿ ಬರೆಯಬಹುದು.

ನಮ್ಮದು ಮಡತ್ತುಕುಳಂ ಪಕ್ಕದ ನೇಕಾರರ ಬೀದಿ. ಅಪ್ಪನಿಗೆ ಕುಣಿಮಗ್ಗ. ಅವ್ವ ಚೌಡಮ್ಮ ಎಳೆ ಕೂಡಿಸುವುದರಲ್ಲಿ ಊರಿಗೇ ಹೆಸರಾದವಳು. ಒಂದು ಹಾಸು ನೇಯ್ದು ಮುಗಿದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಬೆರಳಿಗೆ ಬೂದಿ ಮುಟ್ಟಿಸಿ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಕಣ್ಣು ಮುಚ್ಚಿಕೊಂಡೂ ಮಾಡುತ್ತಿದ್ದಳು. ನನಗೂ ಕಲಿಸಿದಳು. ಕೋಪೆಪಾಡಿನ ಕಾಲು ಬಿಡಿಸುವಾಗ ನನ್ನ ಕೈ ನಡುಗದೆ ಇದ್ದದ್ದು ಆ ಕಲಿಕೆಯಿಂದ. ಅಪ್ಪನ ಹಳೆಯ ಮಗ್ಗದಲ್ಲಿ ಎಳೆ ಹಾಯುವ ಅಚ್ಚಿನಿಂದ ಬಿದಿರ ಕಡ್ಡಿ ಕಿತ್ತು, ತುದಿಗೆ ಎಲ್ಲಕ್ಕಿಂತ ಸಣ್ಣ ಸೂಜಿ ಸಿಕ್ಕಿಸಿಕೊಂಡರೆ ಅದೇ ನನ್ನ ಆಯುಧ. ಕೊನೆಯವರೆಗೂ ಬೇರೆ ಕೊಳ್ಳಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಕೊಯಮತ್ತೂರಿಗೆ, ಸಿಂಗಾನಲ್ಲೂರಿನ ಬಾಡಿಗೆ ಮನೆಗೆ ಕರೆತಂದೆ. ನಮ್ಮದು ಮೀನು ಮುಟ್ಟದ ಮನೆ. ನಾನೋ ಬೆಳಗಾಗುತ್ತಲೇ ಉಕ್ಕಡದ ಮೀನು ಮಾರ್ಕೆಟ್ಟಿಗೆ ಹೋಗಿ ಶಾರ್ಕಿನ ತಲೆಗಳನ್ನು ಬಕೀಟಿನಲ್ಲಿ ಹಾಕಿಕೊಂಡು ಬರುವವಳು! ಅವ್ವ ಹಿತ್ತಿಲ ಬಾಗಿಲಲ್ಲೇ ತಡೆಯುತ್ತಿದ್ದಳು. "ಅಲ್ಲೇ ನಿಲ್ಲು ಅಮ್ಮಣಿ, ಒಳಕ್ಕೆ ಕಾಲಿಟ್ಟೀಯಾ! ಮೊದ್ಲು ಮೈ ತೊಳ್ಕೋ. ಇದೇನ್ ವೇಲೆ ಇದು, ಓದಿದೋಳ್ ಮಾಡೋ ಕೆಲ್ಸನಾ ಇದು?" ಹಿತ್ತಿಲ ನಲ್ಲಿಯ ಕೆಳಗೆ ನಾನು ಸೀರೆಸಮೇತ ನೆನೆದ ಮೇಲೆಯೇ ಕಾಫಿ.

ಒಂದು ಭಾನುವಾರ ಆರ್.ಎಸ್. ಪುರಂನ ಜವಳಿ ವ್ಯಾಪಾರಿಗಳ ಮನೆಯವರು ನನ್ನನ್ನು ನೋಡಲು ಬಂದರು. ಬರುತ್ತಾರೆಂದು ಅವ್ವನಿಗೆ ಗೊತ್ತಿತ್ತು, ನನಗೆ ಹೇಳಿರಲಿಲ್ಲ. ಹುಡುಗನ ತಾಯಿ ಕೈ ತೊಳೆಯಲು ಹಿತ್ತಿಲಿಗೆ ಹೋದವಳು ಬಕೀಟಿನ ಮುಚ್ಚಳ ತೆಗೆದಳು. ಶಾರ್ಕ್ ಬಾಯಿ ತೆರೆದುಕೊಂಡೇ ಇತ್ತು. ಕಾಫಿ ಕುಡಿಯದೆ ಹೊರಟರು. ಅವ್ವ ಸಂಜೆಯವರೆಗೂ ಆ ಕಾಫಿ ಲೋಟಗಳನ್ನು ತಿಕ್ಕಿ ತಿಕ್ಕಿ ತೊಳೆದಳು. ಆಮೇಲೆ, "ಸುರಾ ಮೀನಿನ ಮೂತಿ ಕಂಡ್ಮೇಲೆ ಯಾವನಮ್ಮಾ ತಾಳಿ ಕಟ್ತಾನೆ?" ಎಂದು ನಕ್ಕೇಬಿಟ್ಟಳು. ನಾನೂ ನಕ್ಕೆ. ಆ ಮಾತು ಅಲ್ಲಿಗೆ ಮುಗಿಯಿತು, ಮದುವೆಯ ಮಾತೂ ಸಹ.

ಸಮುದ್ರವಿಲ್ಲದ ಊರಿಗೆ ಶಾರ್ಕ್ ಎಲ್ಲಿಂದ ಎಂದು ಕೇಳುತ್ತೀರಿ. ತೂತ್ತುಕುಡಿಯಿಂದ, ರಾಮೇಶ್ವರದಿಂದ, ಕೇರಳದಿಂದ ಐಸು ತುಂಬಿದ ಲಾರಿಗಳಲ್ಲಿ ಬರುತ್ತಿತ್ತು. ಇಲ್ಲಿ ಬಾಣಂತಿಗೆ ಹಾಲು ಹೆಚ್ಚಲಿ ಎಂದು 'ಪಾಲ್ ಸುರಾ', ಅಂದರೆ ಹಾಲು ಶಾರ್ಕ್, ಎಂಬ ಸಣ್ಣ ಜಾತಿಯ ಮೀನನ್ನು ಬೇಯಿಸಿ, ಉದುರುದುರಾಗಿ ಬಿಡಿಸಿ, ಬೆಳ್ಳುಳ್ಳಿ ಹಾಕಿ ಪುಟ್ಟು ಮಾಡಿ ಕೊಡುತ್ತಾರೆ. ಅದಕ್ಕೇ ಬೇಡಿಕೆ. ಬಾಣಂತಿಗೆ ಮಾಂಸ ಬೇಕು, ನನಗೆ ಕಿವಿರು ಬೇಕು. ನಡುವೆ ನಿಂತವಳು ಮೀನು ಮಾರುವ ರಾಣಿಯಕ್ಕ. ಅವಳು ತಮಿಳಿನವಳು. ಅವಳ ಮಾತನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ, ಬೈಗುಳ ಬಿಟ್ಟು. "ಟೀಚರಮ್ಮಾ, ನಾನು ಮೀನು ಮಾರ್ತೀನಿ, ನೀವು ಅದರ ಹೇನು ಹೆಕ್ತೀರಿ. ಇಬ್ಬರ ಸೀರೆನೂ ಒಂದೇ ನಾತ. ನಿಮ್ಮನ್ನ ಮಾತ್ರ ಪ್ರೊಫೆಸರ್ ಅಂತಾರೆ, ಇದ್ಯಾವ ನ್ಯಾಯ?" ಎನ್ನುತ್ತಿದ್ದಳು. ತಲೆಗಳನ್ನು ಮಾತ್ರ ನನಗೆಂದು ತೆಗೆದಿಡದೆ ಇರುತ್ತಿರಲಿಲ್ಲ.

ಈಗ ನಮ್ಮ ವಿಭಾಗದ ಮುಖ್ಯಸ್ಥರ ವಿಷಯ. ವೈದ್ಯಲಿಂಗಂ ಸಾರ್. ನನಗೆ ಈ ಕೆಲಸ ಕಲಿಸಿದವರು, ಹಾಗಾಗಿ ಪೂರ್ತಿ ಬೈಯಲಾರೆ. ಮಾದರಿಗಳನ್ನಿಡಲು ಬೇಕಾದ ಸ್ಪಿರಿಟ್ಟಿನ ಬೀರುವಿಗೆ ಬೀಗ ಹಾಕಿ ಬೀಗದ ಕೈಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದರು, ಯಾರಾದರೂ ಕುಡಿದಾರೆಂದು. ಅವರು ರಜೆ ಹಾಕಿದ ದಿನ ನಮ್ಮ ಮಾದರಿಗಳು ಕೊಳೆಯುತ್ತಿದ್ದವು. ಒಮ್ಮೆ ಅಂಜಲ್ ಮೀನಿನ ಕಿವಿರಿನಲ್ಲಿ ಶಾರ್ಕಿನ ಕೋಪೆಪಾಡ್ ಸಿಕ್ಕಿತೆಂದು ಕುಣಿದಾಡಿ ಲೇಖನ ಬರೆದರು. ಜಗತ್ತಿನಲ್ಲೇ ಮೊದಲು ಎಂದರು. ನಾನು ಮೆಲ್ಲಗೆ, "ಸಾರ್, ಎರಡೂ ಮೀನು ಒಂದೇ ಐಸ್ ಬುಟ್ಟಿಯಲ್ಲಿ ಬಂದದ್ದು. ಮೀನು ಸತ್ತ ಮೇಲೆ ಹೇನು ಬಿಟ್ಟುಕೊಂಡು ಪಕ್ಕದ್ದಕ್ಕೆ ಹರಿದಿರಬಹುದು" ಎಂದೆ. "ನಿನಗೆ ಹೊಟ್ಟೆಕಿಚ್ಚು" ಎಂದರು. ಲೇಖನ ತಿರಸ್ಕೃತವಾಗಿ ಬಂತು, ಕಾರಣ ಅದೇ ಬುಟ್ಟಿ. ಆಮೇಲೆ ಒಂದು ತಿಂಗಳು ನನ್ನನ್ನು ಪರೀಕ್ಷಾ ಮೇಲ್ವಿಚಾರಣೆಗೆ ಹಾಕಿದರು. ಮಕ್ಕಳೇ, ಒಂದೊಂದು ಮೀನನ್ನೂ ಬೇರೆ ಬೇರೆ ಚೀಲದಲ್ಲಿ ತನ್ನಿ.

ಅವರು ಕಲಿಸಿದ ಇನ್ನೊಂದು ನಿಯಮವನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಕೋಪೆಪಾಡನ್ನು ಲ್ಯಾಕ್ಟಿಕ್ ಆಮ್ಲದ ಹನಿಯಲ್ಲಿ ನೆನೆಸಿದರೆ ಮೈ ತಿಳಿಯಾಗುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಕಾಲು ಬಿಡಿಸಿ, ಮುಳ್ಳೆಷ್ಟು ರೋಮವೆಷ್ಟು ಎಂದು ಎಣಿಸಿ, ಚಿತ್ರ ಬರೆಯಬೇಕು. ಜಾತಿ ತೀರ್ಮಾನವಾಗುವುದು ಆ ಮುಳ್ಳುಗಳ ಮೇಲೆ. ಆದರೆ ಬಿಡಿಸುವುದು ಬಲಗಡೆಯ ಕಾಲುಗಳನ್ನು ಮಾತ್ರ. ಎಡಗಡೆಯವು ಮೈಗೆ ಅಂಟಿಕೊಂಡೇ ಇರಬೇಕು. "ಬಲಗಡೆ ನಮಗೆ, ಎಡಗಡೆ ಮುಂದೆ ಬರುವವರಿಗೆ" ಎನ್ನುತ್ತಿದ್ದರು ಸಾರ್. ಎರಡೂ ಕಡೆ ಒಂದೇ ಥರ ಇರುತ್ತದಲ್ಲ, ಒಂದನ್ನು ಹಾಳುಮಾಡಿದರೆ ಇನ್ನೊಂದಾದರೂ ಉಳಿಯಲಿ ಎಂದು. ಒಳ್ಳೆಯ ನಿಯಮ. ನಾನು ಎಂದೂ ಮೀರಲಿಲ್ಲ.

ಒಂದು ಮಳೆಗಾಲದಲ್ಲಿ ರಾಣಿಯಕ್ಕ ಕೊಟ್ಟ ಪಾಲ್ ಸುರಾದ ತಲೆಯಲ್ಲಿ, ಕಿವಿರಿನ ಎಸಳುಗಳ ನಡುವೆ ದಾರದ ಎಳೆಯಂಥ ಹೆಣ್ಣು ಕೋಪೆಪಾಡುಗಳು ಸಿಕ್ಕಿದವು. ಹಿಂದೆ ಉದ್ದವಾದ ಮೊಟ್ಟೆಯ ಮಾಲೆ. ಎಂದೋ ಒಬ್ಬ ವಿದೇಶದವನು ಹೆಸರಿಟ್ಟ ಹಳೆಯ ಜಾತಿಯನ್ನೇ ಹೋಲುತ್ತಿದ್ದವು. ಆದರೆ ಹಳೆಯ ಜಾತಿಗೆ ನಾಲ್ಕನೆಯ ಕಾಲಿನ ತುದಿಯ ಗೆಣ್ಣಿನಲ್ಲಿ ಮೂರು ಮುಳ್ಳು. ನನ್ನವಕ್ಕೆ ನಾಲ್ಕು. ಬಿಡಿಸಿದ್ದಕ್ಕೆಲ್ಲ ನಾಲ್ಕು. ಅಯ್ಯೋ, ಆ ದಿನದ ಸಂತೋಷ! ಮಧ್ಯಾಹ್ನದ ಊಟ ಮರೆತು ಮತ್ತೆ ಮತ್ತೆ ನೋಡಿದೆ. ಜಗತ್ತಿನಲ್ಲಿ ಯಾರೂ ನೋಡದ ಒಂದು ಜೀವ, ನನ್ನ ಸೂಜಿಯ ತುದಿಯಲ್ಲಿ.

ಹೆಸರಿಡುವವರು ತಮ್ಮ ಹೆಸರನ್ನೇ ಇಟ್ಟುಕೊಳ್ಳುವುದು ಮರ್ಯಾದೆಯಲ್ಲ. ಮೇಲಿನವರ ಹೆಸರಿಡುವುದು ವಾಡಿಕೆ. ಸಾರ್ ಕಾಯುತ್ತಿದ್ದರು, ನಿತ್ಯ ನನ್ನ ಮೇಜಿನ ಬಳಿ ಬಂದು ಕೆಮ್ಮುತ್ತಿದ್ದರು. ನಾನು ಅವ್ವನ ಹೆಸರಿಗೆ ಲ್ಯಾಟಿನ್ನಿನ ಬಾಲ ಸೇರಿಸಿ 'ಚೌಡಮ್ಮಾಯೆ' ಎಂದಿಟ್ಟೆ.

"ನಿಮ್ಮಮ್ಮ ಏನು, ಜೂವಾಲಜಿ ಓದಿದ್ದಾರಾ?" ಎಂದರು ಸಾರ್.

"ಇಲ್ಲ ಸಾರ್. ನನ್ನನ್ನ ಓದಿಸಿದ್ದಾರೆ."

ಅದಾದ ಮೇಲೆ ಅವರು ನಿವೃತ್ತರಾಗುವ ತನಕ ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ.

ಅವ್ವ ಸಂತೋಷಪಡುತ್ತಾಳೆಂದು ಅಚ್ಚಾದ ಲೇಖನ ಹಿಡಿದು ಓಡಿಬಂದೆ. ಚಿತ್ರ ತೋರಿಸಿದೆ, ಹೆಸರಿನ ಮೇಲೆ ಬೆರಳಿಟ್ಟು ಓದಿ ಹೇಳಿದೆ. ಅವಳು ಚಿತ್ರವನ್ನೇ ದಿಟ್ಟಿಸಿದಳು.

"ಇದು ಯಾವ ಹುಳ?"

"ಸುರಾ ಮೀನಿನ ಕಿವಿರಲ್ಲಿ ಇರೋದವ್ವಾ. ಹೇನಿದ್ದಂಗೆ."

"ಹೆತ್ತವಳ ಹೆಸರ ತಗೊಂಡೋಗಿ ಮೀನಿನ ಹೇನಿಗಾ ಇಕ್ಕಿದೆ?" ಅವ್ವನ ದನಿ ಏರಿತು. "ಕುಲದೇವಿ ಚೌಡಮ್ಮನ ಹೆಸರು ಕಣೆ ಅದು! ಮೀನು ತಿನ್ನದ ಮನೆ! ಊರಲ್ಲಿ ತೆರಿದರೆ ನಕ್ಕೊಂಡು ಸಾಯ್ತಾರೆ. ನಾಳೆನೇ ಹೋಗಿ ತೆಗೆದಾಕು."

"ತೆಗೆಯಕ್ಕಾಗಲ್ಲವ್ವಾ. ಒಂದ್ಸಾರಿ ಅಚ್ಚಾದರೆ ಮುಗೀತು. ಭೂಮಿ ಇರೋಗಂಟ ಅದೇ ಹೆಸರು."

"ಭೂಮಿ ಇರೋಗಂಟನಾ!" ಎಂದು ತಲೆ ಚಚ್ಚಿಕೊಂಡಳು. ಎರಡು ದಿನ ನನಗೆ ಊಟ ಬಡಿಸಲಿಲ್ಲ, ಪಾತ್ರೆ ಮುಂದೆ ತಳ್ಳುತ್ತಿದ್ದಳು.

ಆದರೆ ಆ 'ಭೂಮಿ ಇರೋಗಂಟ' ಎಂಬ ಮಾತು ಅವಳೊಳಗೆ ಎಲ್ಲೋ ಇಳಿದಿತ್ತು. ವರ್ಷಗಳ ಮೇಲೆ ಚೌಡೇಶ್ವರಿ ಗುಡಿಯ ಕಟ್ಟೆಯಲ್ಲಿ ಅವಳು ಬೇರೆ ಹೆಂಗಸರಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. "ನಿಮ್ಮ ಮಕ್ಕಳು ನಿಮ್ಮ ಹೆಸರನ್ನ ಮೊಮ್ಮಗಳಿಗಿಟ್ಟರು, ಅವಳು ಅದ ಮಾತ್ತಿ ಷ್ಟೈಲಾಗಿ ಬೇರೆ ಇಟ್ಕೊಂಡಳು. ನನ್ ಹೆಸರು ಕಡಲೊಳಗೆ ಐತೆ. ಅದ ಯಾರು ಬದಲಾಯಿಸಕ್ಕಾಗುತ್ತೆ?" ಹೇನು ಎಂಬ ಮಾತನ್ನು ಮಾತ್ರ ಜಾಣತನದಿಂದ ನುಂಗಿದ್ದಳು. ಮದುವೆಯಿಲ್ಲದ, ಮೊಮ್ಮಕ್ಕಳಿಲ್ಲದ ಮನೆಯಲ್ಲಿ ಅವಳಿಗೆ ಉಳಿದದ್ದು ಅದೊಂದೇ. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗಲೂ ಕೇಳುತ್ತಿದ್ದಳು, "ಅಮ್ಮಣಿ, ಕಡಲಲ್ಲಿ ನನ್ನದು ಐತಾ ಇನ್ನೂ?" "ಐತವ್ವಾ, ಎಲ್ಲಿಗೋಗುತ್ತೆ" ಎನ್ನುತ್ತಿದ್ದೆ.

ನನ್ನ ಕೆಲಸದಲ್ಲಿ ಉಳಿದ ಹೆಸರೂ ಅದೊಂದೇ ಆಯಿತು. ನಾನಿಟ್ಟ ಬೇರೆ ಹೆಸರುಗಳನ್ನೆಲ್ಲ ಯಾರ್ಯಾರೋ ಪರಿಶೀಲಿಸಿ, ಅವು ಹಳೆಯ ಜಾತಿಗಳೇ, ಹೊಸವಲ್ಲ ಎಂದು ತೋರಿಸಿಕೊಟ್ಟರು. ಹಾಗಾದಾಗ ಹಳೆಯ ಹೆಸರೇ ನಿಲ್ಲುತ್ತದೆ, ನಮ್ಮದು ಅದರಡಿಯಲ್ಲಿ ಸಣ್ಣಕ್ಷರದಲ್ಲಿ ಬೀಳುತ್ತದೆ. ಅದು ತಪ್ಪಲ್ಲ, ನಮ್ಮ ವಿದ್ಯೆ ನಡೆಯುವುದೇ ಹಾಗೆ. ಆದರೂ ಪ್ರತಿ ಸಲ ಆ ಲೇಖನವನ್ನು ಮೇಜಿನ ಡ್ರಾಯರಿನ ತಳಕ್ಕೆ ತಳ್ಳುತ್ತಿದ್ದೆ. ಅವ್ವನ ಹೆಸರು ಮಾತ್ರ ನಿಂತಿತ್ತು.

ಹೆಸರು ನಿಲ್ಲುವುದು ಒಂದು ಮಾದರಿಯ ಮೇಲೆ. ಯಾವ ಪ್ರಾಣಿಯನ್ನು ನೋಡಿ ಹೆಸರಿಟ್ಟೆವೋ ಅದನ್ನು ಮೂಲ ಮಾದರಿ ಎಂದು ಜೋಪಾನವಾಗಿಡಬೇಕು. ಅನುಮಾನ ಬಂದವರು ಅದನ್ನೇ ತೆಗೆದು ನೋಡುತ್ತಾರೆ. ನನ್ನದು ಕಾಲೇಜಿನ ಮ್ಯೂಸಿಯಂ ಬೀರುವಿನಲ್ಲಿ, ದೊಡ್ಡ ಜಾಡಿಯೊಳಗಿನ ಸಣ್ಣ ಗಾಜಿನ ಕೊಳವೆಯಲ್ಲಿತ್ತು. ನಾನು ನಿವೃತ್ತಳಾಗುವ ಹೊತ್ತಿಗೆ ಪ್ರಾಣಿಶಾಸ್ತ್ರಕ್ಕೆ ಸೇರುವವರೇ ಇರಲಿಲ್ಲ. ವಿಭಾಗದ ಬೋರ್ಡು ಬದಲಾಗಿ ಬಯೋಟೆಕ್ನಾಲಜಿ ಎಂದಾಯಿತು. ಮುಖ್ಯಸ್ಥೆಯಾದವಳು ನನ್ನ ಶಿಷ್ಯೆ ಕವಿತಾ, ನಮ್ಮ ಕಡೆಯ ನೇಕಾರರ ಮನೆಯ ಹುಡುಗಿ. ಅವಳಿದ್ದಾಳಲ್ಲ ಎಂದು ನೆಮ್ಮದಿಯಾಗಿದ್ದೆ.

ನಂದಿನಿ ಮೊದಲು ಫೋನು ಮಾಡಿದ್ದು ಆ ಮಾದರಿಗಾಗಿ. "ಮೇಡಂ, ನಿಮ್ಮ ಚೌಡಮ್ಮಾಯೆಯನ್ನ ಹಳೆಯ ಜಾತಿ ಜೊತೆ ಹೋಲಿಸಬೇಕು. ಈಗ ಡಿಎನ್ಎ ಇಲ್ಲದೆ ಯಾರೂ ಒಪ್ಪಲ್ಲ. ಹಳೇ ಮಾದರಿಯಲ್ಲಿ ಅದು ಸಿಗದಿದ್ದರೂ ಎಡಗಾಲುಗಳನ್ನಾದರೂ ನೋಡ್ತೀನಿ." ಎಡಗಡೆ ಮುಂದೆ ಬರುವವರಿಗೆ ಎಂದಿದ್ದರಲ್ಲ, ಬಂದಳು ನೋಡಿ. ಸಂಭ್ರಮದಿಂದ ಕಾಲೇಜಿಗೆ ಹೋದೆ. ಬೀರುವಿನ ಗಾಜು ಫಳಫಳ ಹೊಳೆಯುತ್ತಿತ್ತು. ಶಾರ್ಕಿನ ದವಡೆಗೆ ವಾರ್ನಿಷ್ ಬಳಿದಿದ್ದರು. ಜಾಡಿಗಳಲ್ಲಿ ಹೊಸ ದ್ರವ. ಒಳಗಿನ ಸಣ್ಣ ಕೊಳವೆಗಳು ಇರಲಿಲ್ಲ.

"ತಪಾಸಣೆ ಕಮಿಟಿ ಬರೋದಿತ್ತು ಮೇಡಂ," ಎಂದಳು ಕವಿತಾ. "ಜಾಡಿ ಎಲ್ಲಾ ಕಲಂಗಿ ಬಗ್ಗಡ ಆಗಿಹೋಗಿತ್ತು. ತೊಳೆಸಿ ಬೇರೆ ಹಾಕಿಸಿದ್ವಿ."

"ಒಳಗಿದ್ದ ಸಣ್ಣ ಟ್ಯೂಬು?"

"ಅವು ಖಾಲಿ ಇದ್ದವಲ್ಲ ಮೇಡಂ. ತೊಳೆದು ಲ್ಯಾಬಿಗೆ ಕೊಟ್ಟುಬಿಟ್ವಿ."

"ಖಾಲಿ ಅಂತ ಬರೀ ಕಣ್ಣಲ್ಲಿ ನೋಡಿ ಹೇಳಿದೆಯಾ, ಲೆನ್ಸಲ್ಲಿ ನೋಡಿ ಹೇಳಿದೆಯಾ?"

ಅವಳ ಕಣ್ಣಲ್ಲಿ ನೀರು ತುಂಬಿತು. ನಾನು ಕೂಗಾಡಿದೆ, ಕಾರಿಡಾರಿನಲ್ಲಿ ಹುಡುಗಿಯರು ನಿಂತು ನೋಡುವ ಹಾಗೆ ಕೂಗಾಡಿದೆ. ಕೂದಲೆಳೆಯಷ್ಟು ಸಣ್ಣದು, ನೀರಿನ ಬಣ್ಣದ್ದು, ಬರಿಗಣ್ಣಿಗೆ ಖಾಲಿಯೇ. ಬಲಗಾಲುಗಳ ಸ್ಲೈಡುಗಳನ್ನು ಕೇಳಿದೆ. ಅಂಟು ಕಂದಿ ಬಿರುಕುಬಿಟ್ಟು, ಒಳಗೆ ಬೂಷ್ಟು ಹಿಡಿದಿತ್ತು. ಅವ್ವ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಆ ದಿನ ಬಸ್ಸಿನಲ್ಲಿ ಅತ್ತೆ. ಕಂಡಕ್ಟರ್ ಟಿಕೆಟ್ಟನ್ನೂ ಕೇಳದೆ ಮುಂದೆ ಹೋದ.

ನಂದಿನಿ ಸಮಾಧಾನ ಹೇಳಿದಳು. ಮೂಲ ಮಾದರಿ ಹಾಳಾದರೆ, ಅದೇ ಜಾತಿಯ ಶಾರ್ಕಿನಿಂದ ಮತ್ತೆ ಸಿಕ್ಕ ಕೋಪೆಪಾಡನ್ನು ಹೊಸ ಮಾದರಿಯೆಂದು ಗೊತ್ತುಮಾಡಬಹುದು, ಹೆಸರು ಉಳಿಯುತ್ತದೆ ಎಂದಳು. ಸರಿ, ಈ ವಯಸ್ಸಿನಲ್ಲಿ ಮತ್ತೆ ಬಕೀಟು ಹಿಡಿದೆ.

ಮಾರ್ಕೆಟ್ಟಿನಲ್ಲಿ ರಾಣಿಯಕ್ಕನ ತಲೆಯೂ ಬೆಳ್ಳಗಾಗಿತ್ತು. "ತಲೆ ಎಲ್ಲಿ ಬರ್ತದೆ ಟೀಚರಮ್ಮಾ ಈಗ? ಕಡಲ ದಡದಲ್ಲೇ ಕೊಯ್ದು ಎಸೀತಾರೆ. ಮುಂಡ ಮಾತ್ರ ಬರೋದು. ಬಂದರೂ ನೋಡಿ," ಎಂದು ಮೊಳದುದ್ದವೂ ಇಲ್ಲದ ಮೀನೊಂದನ್ನು ಎತ್ತಿ ತೋರಿಸಿದಳು. ಹೊಕ್ಕುಳ ಗಾಯ ಮಾಯದ ಮರಿ; ಈ ಶಾರ್ಕುಗಳು ಮೊಟ್ಟೆಯಿಡದೆ ಮರಿ ಹಾಕುತ್ತವೆ. ಹಿಂದೆ ಅಂಥದ್ದನ್ನು ಬಲೆಯಿಂದ ತೆಗೆದು ನೀರಿಗೆ ಬಿಡುತ್ತಿದ್ದರಂತೆ. ಶಾರ್ಕೇ ಇಲ್ಲದ ಮೇಲೆ ಅದರ ಕಿವಿರಿನಲ್ಲಿ ಮನೆ ಮಾಡಿದ್ದು ಎಲ್ಲಿಗೆ ಹೋಗಬೇಕು? ಹುಲಿ ಸತ್ತರೆ ಅಳುವವರಿದ್ದಾರೆ, ಹೇನು ನಿರ್ನಾಮವಾದರೆ ಪೀಡೆ ಹೋಯಿತು ಎನ್ನುತ್ತಾರೆ. ವಾರ ವಾರ ಹೋದೆ. ಬರಿ ಮುಂಡಗಳು. ಮನೆಗೆ ಬಂದು, ಬೈಯುವವರು ಯಾರೂ ಇಲ್ಲದಿದ್ದರೂ, ಹಿತ್ತಿಲ ನಲ್ಲಿಯ ಕೆಳಗೆ ಮೈ ತೊಳೆದುಕೊಂಡೇ ಒಳಗೆ ಹೋಗುತ್ತಿದ್ದೆ.

ಒಂದು ಬೆಳಿಗ್ಗೆ ರಾಣಿಯಕ್ಕ ಫೋನು ಮಾಡಿದಳು. ಅವಳ ಮೊಮ್ಮಗಳಿಗೆ ಹೆರಿಗೆಯಾಗಿತ್ತು. ಪುಟ್ಟು ಮಾಡಲು ತೂತ್ತುಕುಡಿಯ ನೆಂಟರಿಗೆ ಹೇಳಿ ಬೆಳೆದ ಪಾಲ್ ಸುರಾ ಒಂದನ್ನು ಇಡಿಯಾಗಿ ತರಿಸಿದ್ದಳು. "ತಲೆಸಮೇತ ಟೀಚರಮ್ಮಾ, ನಿಮಗೇಂತ! ಬೇಗ ಬನ್ನಿ." ಆಟೋದಲ್ಲಿ ಹೋದೆ. ಕಿವಿರು ಬಿಡಿಸಿದೆ. ಇದ್ದವು! ಎಸಳುಗಳ ನಡುವೆ ದಾರದಂಥ ಹೆಣ್ಣುಗಳು, ಮೊಟ್ಟೆಯ ಮಾಲೆಸಮೇತ. ಮಾರ್ಕೆಟ್ಟಿನ ಆ ಕೆಸರಿನಲ್ಲೇ ರಾಣಿಯಕ್ಕನನ್ನು ತಬ್ಬಿಕೊಂಡೆ. "ಐಯ್ಯೋ, ಬಿಡಿ ಬಿಡಿ, ಜನ ನೋಡ್ತಾರೆ" ಎಂದಳು.

ಅರ್ಧದಷ್ಟನ್ನು ನಂದಿನಿಗೆಂದು ಶುದ್ಧ ಸ್ಪಿರಿಟ್ಟಿನಲ್ಲಿ ಹಾಕಿ ಕಳಿಸಿದೆ. ಉಳಿದವನ್ನು ಅವ್ವ ಕೂರುತ್ತಿದ್ದ ಕಿಟಕಿಯ ಪಕ್ಕ ನನ್ನ ಹಳೆಯ ಸೂಕ್ಷ್ಮದರ್ಶಕದಲ್ಲಿ ಇಟ್ಟೆ. ಬಿದಿರ ಕಡ್ಡಿಯ ಸೂಜಿ ಹಿಡಿದೆ, ಕೈ ಇನ್ನೂ ನಡುಗುತ್ತಿರಲಿಲ್ಲ. ಬಲಗಾಲು ಬಿಡಿಸಿದೆ. ನಾಲ್ಕು ಮುಳ್ಳು. "ಅವ್ವಾ!" ಎಂದು ಜೋರಾಗಿಯೇ ಕೂಗಿದೆ. ಇಲ್ಲಿಗೆ ನಿಲ್ಲಿಸಬಹುದಿತ್ತು, ನಲವತ್ತು ವರ್ಷ ಇಲ್ಲಿಗೇ ನಿಲ್ಲಿಸಿದ್ದೆನಲ್ಲ. ಆದರೆ ನಂದಿನಿ ಎಡಗಾಲು ಕೇಳಿದ್ದಳು, ಎಡಗಡೆಯದನ್ನೂ ಬಿಡಿಸಿದೆ.

ಮೂರು.

ಕಣ್ಣಿನ ದೋಷವೆಂದು ಕನ್ನಡಕ ಒರೆಸಿ ನೋಡಿದೆ. ಮೂರೇ. ಒಂದೇ ಹೆಣ್ಣು, ಬಲಗಡೆ ಅವ್ವನ ಜಾತಿ, ಎಡಗಡೆ ಹಳೆಯ ಜಾತಿ. ಇನ್ನೊಂದನ್ನು ತೆಗೆದೆ, ಎರಡೂ ಕಡೆ ನಾಲ್ಕು. ಮತ್ತೊಂದಕ್ಕೆ ಎರಡೂ ಕಡೆ ಮೂರು. ಎಲ್ಲವೂ ಒಂದೇ ಮೀನಿನ ಒಂದೇ ಕಿವಿರಿನವು. ಆ ನಾಲ್ಕನೆಯ ಮುಳ್ಳು ಒಬ್ಬರಿಗೆ ಇರುತ್ತದೆ, ಒಬ್ಬರಿಗೆ ಇರುವುದಿಲ್ಲ, ಅಷ್ಟೇ. ಕೆನ್ನೆಯ ಮೇಲಿನ ಮಚ್ಚೆಯ ಹಾಗೆ. ಅದರ ಮೇಲೆ ಒಂದು ಜಾತಿ ಕಟ್ಟಿ, ಅದಕ್ಕೆ ಅವ್ವನ ಹೆಸರಿಟ್ಟು ಅವಳಿಗೆ ಭೂಮಿ ಇರುವ ತನಕದ ಭರವಸೆ ಕೊಟ್ಟಿದ್ದೆ. ಮ್ಯೂಸಿಯಂನಲ್ಲಿದ್ದ ಎಡಗಾಲುಗಳೂ ಇದನ್ನೇ ಹೇಳುತ್ತಿದ್ದವೇನೋ. ಕವಿತಾ ತೊಳೆದು ಹಾಕಿದ್ದಾಳೆ, ಅದೂ ಈಗ ತಿಳಿಯುವಂತಿಲ್ಲ.

ನಂದಿನಿಯ ಫೋನು ಬರುವವರೆಗೂ ಸುಳ್ಳೇ ಆಸೆ ಇಟ್ಟುಕೊಂಡಿದ್ದೆ. ಅವಳ ದನಿಯಲ್ಲೇ ಗೊತ್ತಾಯಿತು.

"ಮೇಡಂ, ಡಿಎನ್ಎಯಲ್ಲಿ ಎಲ್ಲವೂ ಒಂದೇ. ಹಳೆಯ ಜಾತಿನೇ." ಕೂಡಲೇ ಸೇರಿಸಿದಳು, "ನೀವು ಬೇಡ ಅಂದ್ರೆ ನನ್ನ ಪೇಪರಿನಲ್ಲಿ ಇದನ್ನ ಸೇರಿಸಲ್ಲ. ಸದ್ಯಕ್ಕೆ ಬೇರೆ ಯಾರೂ ನೋಡಲ್ಲ, ಮೇಡಂ. ನೋಡೋಕೆ ಶಾರ್ಕೂ ಇಲ್ಲ."

ಒಳ್ಳೆಯ ಹುಡುಗಿ. ಅವಳು ಹೇಳಿದ್ದು ನಿಜವೂ ಹೌದು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಅವ್ವನ ಹೆಸರು ನನ್ನ ಕಾಲದ ನಂತರವೂ ನಿಂತಿರುತ್ತಿತ್ತು. ಬೇರೆ ಹೆಸರುಗಳನ್ನು ಬೇರೆಯವರು ಮುಳುಗಿಸಿದಾಗ, ನಮ್ಮ ವಿದ್ಯೆ ನಡೆಯುವುದೇ ಹಾಗೆ ಎಂದು ತರಗತಿಯಲ್ಲಿ ದೊಡ್ಡದಾಗಿ ಹೇಳಿದವಳು ನಾನು. ಆ ವಿದ್ಯೆಯನ್ನು ಈಗ ಕಲಿಯುವವರಿಲ್ಲ, ಆ ಮೀನು ಮುಗಿಯುತ್ತ ಬಂತು, ಮಾದರಿ ಚರಂಡಿ ಸೇರಿತು. ಉಳಿದದ್ದು ಒಂದು ಹೆಸರು, ಅದೂ ಸುಳ್ಳು.

"ಸೇರಿಸಮ್ಮಾ" ಎಂದೆ. "ಎಡಗಾಲಿನ ಚಿತ್ರ ನಾನೇ ಬರೆದುಕೊಡ್ತೀನಿ."

ಚಿತ್ರ ಬರೆದು ಮುಗಿಸಿದ್ದೇನೆ. ಮೂರು ಮುಳ್ಳು, ಒಂದೂ ಹೆಚ್ಚಿಲ್ಲ. ಅದನ್ನು ಅಂಚೆಗೆ ಹಾಕಿ ಬಂದು ಹಿತ್ತಿಲ ನಲ್ಲಿಯ ಕೆಳಗೆ ನಿಂತೆ. ಅವತ್ತು ಮೀನು ಮುಟ್ಟಿರಲಿಲ್ಲ, ಆದರೂ ನಿಂತೆ. ಆಮೇಲೆ ಒಳಗೆ ಹೋಗಿ ಅವ್ವನ ಪಟದ ಮುಂದೆ ಕೂತು ಹೇಳಿದೆ: "ನೀನು ಹೇಳಿದಂಗೇ ಆತವ್ವಾ. ನಿನ್ನ ಹೆಸರ ತೆಗೆದಾಕಿದೆ."